ವಾಲಚಂದ ಹಿರಾಚಂದರೂ ಬೆಂಗಳೂರಿನ ವಿಮಾನ ಕಾರ್ಖಾನೆಯೂ

ಸೊಲ್ಲಾಪುರದ ಪರಿಸರದಲ್ಲಿ ಓದಿದವರಿಗೆ ವಾಲಚಂದ ಎಂಬ ಹೆಸರು ಹೊಸದಲ್ಲ. ಕಾಲೇಜುಗಳ ಫಲಕಗಳ ಮೇಲೆ ಅದನ್ನು ನಿತ್ಯ ಓದುತ್ತೇವೆ. ನಿತ್ಯ ಓದುವ ಹೆಸರಿನ ಹಿಂದಿರುವ ಮನುಷ್ಯನನ್ನು ಮರೆಯುವುದೂ ಅಷ್ಟೇ ಸಹಜ. ಬೆಂಗಳೂರಿನಲ್ಲಿ ಇಂದು ಎಚ್.ಎ.ಎಲ್. ಎಂದು ಕರೆಯಲ್ಪಡುವ ವಿಮಾನ ಕಾರ್ಖಾನೆಯನ್ನು ಮೊದಲು ಕಟ್ಟಿದವರು ಇದೇ ಸೊಲ್ಲಾಪುರದ ವಾಲಚಂದರು ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಿಗಷ್ಟೇ ಗೊತ್ತು. ಆ ಕಾರ್ಖಾನೆ ಮುಂಬಯಿಯಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಏಳದೆ ಮೈಸೂರು ಸಂಸ್ಥಾನದಲ್ಲಿ ಏಕೆ ಎದ್ದಿತು ಎಂದು ಕೇಳಿದವರು ಇನ್ನೂ ವಿರಳ. ಕಾರ್ಖಾನೆಯೊಂದು ಎಲ್ಲಿ ನೆಲೆಗೊಳ್ಳಬೇಕೆಂಬುದನ್ನು ಬಂಡವಾಳವೊಂದೇ ನಿರ್ಧರಿಸುವುದಿಲ್ಲ. ದುಡಿಯುವ ಕೈಗಳು ಸಂಘಟಿತವೋ ಅಸಂಘಟಿತವೋ ಎಂಬುದೂ ಆ ತಕ್ಕಡಿಯಲ್ಲಿ ತೂಗುತ್ತದೆ. ವಾಲಚಂದರ ಬದುಕನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ ಅದರ ಬೇರೊಂದು ಮುಖ ಕಾಣುತ್ತದೆ.

ವಾಲಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಗುಜರಾತಿನಿಂದ ಬಂದು ಇಲ್ಲಿ ನೆಲೆಸಿದ್ದ ದಿಗಂಬರ ಜೈನ ವ್ಯಾಪಾರಿ ಮನೆತನ; ಹತ್ತಿಯ ವಹಿವಾಟು, ಲೇವಾದೇವಿ. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ಮನೆಯಲ್ಲಿ ಗುಜರಾತಿ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ ಮತ್ತು ತೆಲುಗು ಕಿವಿಗೆ ಬೀಳುವ ಊರು ಅದು. ಅವರು ಹುಟ್ಟುವ ಐದು ವರ್ಷ ಮೊದಲು, 1877ರಲ್ಲಿ, ಇಲ್ಲಿಯ ಮೊದಲ ಬಟ್ಟೆ ಗಿರಣಿ ಆರಂಭವಾಗಿತ್ತು. ನಾನು ಚಿಕ್ಕವನಿದ್ದಾಗಲೂ ನಮ್ಮ ಓಣಿಯಲ್ಲಿ ಗಿರಣಿಯ ಭೋಂಗಾ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುವವರಿದ್ದರು; ವಾಲಚಂದರ ಬಾಲ್ಯದಲ್ಲಿ ಗಡಿಯಾರವಿದ್ದ ಮನೆಗಳೇ ಎಷ್ಟಿದ್ದವೋ! ಶಾಲಾ ಶಿಕ್ಷಣ ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ಸ್ ಮತ್ತು ಪುಣೆಯ ಡೆಕ್ಕನ್ ಕಾಲೇಜುಗಳಲ್ಲಿ ಓದಿದರೂ ಅವರು ಪದವಿ ಪಡೆಯಲಿಲ್ಲ. ಮನೆತನದ ವ್ಯಾಪಾರಕ್ಕೆ ಮರಳಿದರು, ಆದರೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ.

ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರೊಂದಿಗೆ ಪಾಲುದಾರಿಕೆ ಮಾಡಿಕೊಂಡು ಬಾರ್ಶಿ ಲೈಟ್ ರೈಲ್ವೆಯ ಗುತ್ತಿಗೆ ಹಿಡಿದದ್ದು ಅವರ ಸ್ವತಂತ್ರ ಬದುಕಿನ ಮೊದಲ ಹೆಜ್ಜೆ. ಅಲ್ಲಿಂದ ಮುಂದೆ ರೈಲು ಹಳಿ, ಸೇತುವೆ, ಸುರಂಗಗಳ ಕೆಲಸ ಒಂದರ ಹಿಂದೆ ಒಂದು ಬಂದವು. ಮುಂಬಯಿ–ಪುಣೆ ಮಾರ್ಗದ ಭೋರ್ ಘಾಟಿನ ಸುರಂಗಗಳು ಅವರಿಗೆ ಹೆಸರು ತಂದವು. 1926ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಹುಟ್ಟಿತು. ಇಲ್ಲಿ ಒಂದು ಮಾತು ಗಮನಿಸಬೇಕು. ಗುತ್ತಿಗೆದಾರನ ಕೂಲಿಗಳು ಗಿರಣಿಯ ಕಾಮಗಾರರಂತಲ್ಲ. ಮೇಸ್ತ್ರಿ ಕರೆತಂದ ಗುಂಪು ಡೇರೆ ಹಾಕಿಕೊಂಡು ದುಡಿದು, ಸುರಂಗ ಮುಗಿದೊಡನೆ ಚದರಿಹೋಗುತ್ತದೆ. ಅಲ್ಲಿ ಸಂಘ ಕಟ್ಟಲು ನೆಲೆಯೂ ಇಲ್ಲ, ಕಾಲವೂ ಇಲ್ಲ. ವಾಲಚಂದರು ಉದ್ಯಮವನ್ನು ಕಲಿತದ್ದು ಇಂಥ ದುಡಿಮೆಯ ನಡುವೆ.

ಹಡಗಿನ ಕಥೆ ಎಲ್ಲರಿಗೂ ತಿಳಿದದ್ದೇ, ಆದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲ ಮಹಾಯುದ್ಧದ ತರುವಾಯ ಗ್ವಾಲಿಯರ್ ಮಹಾರಾಜರಿಂದ ಒಂದು ಹಡಗನ್ನು ಕೊಂಡು, ನರೋತ್ತಮ ಮೊರಾರ್ಜಿ ಮೊದಲಾದವರ ಜೊತೆ ಸೇರಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. ಆ ಲಾಯಲ್ಟಿ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು; ಆ ದಿನವನ್ನು ಇಂದು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಬ್ರಿಟಿಷ್ ಹಡಗು ಕಂಪನಿಗಳು ದರ ಇಳಿಸಿ ಇವರನ್ನು ಮುಳುಗಿಸಲು ಮಾಡಿದ ಯತ್ನದಿಂದ ವಾಲಚಂದರು ಒಂದು ಪಾಠ ಕಲಿತರು: ಸರ್ಕಾರ ಯಾರ ಬೆನ್ನಿಗಿದೆಯೋ ಅವರಿಗೇ ಉದ್ಯಮ ಒಲಿಯುತ್ತದೆ. ವಿಮಾನ ಕಾರ್ಖಾನೆಯ ಸಂದರ್ಭದಲ್ಲಿ ಈ ಪಾಠ ಮತ್ತೆ ಎದುರಾಗುತ್ತದೆ.

ಅವರನ್ನು ಕೇವಲ ಸ್ವದೇಶಿ ವೀರರೆಂದು ಚಿತ್ರಿಸುವುದು ನಮ್ಮಲ್ಲಿ ರೂಢಿ. ಅದು ಅರ್ಧ ಸತ್ಯ. ಮಾಲೀಕರೂ ಸಂಘ ಕಟ್ಟಿಕೊಳ್ಳಬೇಕೆಂದು ಸ್ಪಷ್ಟವಾಗಿ ಕಂಡವರಲ್ಲಿ ವಾಲಚಂದರು ಒಬ್ಬರು. 1927ರಲ್ಲಿ ಮಹಾರಾಷ್ಟ್ರ ಚೇಂಬರ್ ಆಫ್ ಕಾಮರ್ಸ್ ಸ್ಥಾಪನೆಗೆ ಮುಂದಾದವರು ಅವರೇ. ಮುಂದೆ ಉದ್ಯೋಗದಾತರ ಅಖಿಲ ಭಾರತ ಸಂಘಟನೆಯನ್ನು ಕಟ್ಟುವುದರಲ್ಲೂ ಮುಂಚೂಣಿಯಲ್ಲಿದ್ದರು. ಕಾಮಗಾರರ ಸಂಘಟನೆಯನ್ನು ಅವರು ದೂರದಿಂದ ಕಂಡವರಲ್ಲ. ಅವರ ಕಚೇರಿಯಿದ್ದ ಮುಂಬಯಿಯಲ್ಲಿ 1928ರಲ್ಲಿ ಸುಮಾರು ಒಂದೂವರೆ ಲಕ್ಷ ಗಿರಣಿ ಕಾಮಗಾರರು ಆರು ತಿಂಗಳ ಕಾಲ ಮುಷ್ಕರ ಹೂಡಿದ್ದರು. ಅವರ ಹುಟ್ಟೂರು 1930ರ ಮೇ ತಿಂಗಳಲ್ಲಿ ಲಷ್ಕರಿ ಕಾಯಿದೆಗೆ ಒಳಗಾಯಿತು. ಅಂದಿನ ಜನಸಮೂಹದಲ್ಲಿ ಗಿರಣಿಯ ದುಡಿಮೆಗಾರರದೇ ದೊಡ್ಡ ಪಾಲು. ಮಲ್ಲಪ್ಪ ಧನಶೆಟ್ಟಿ ಮತ್ತು ಅವರ ಮೂವರು ಸಂಗಾತಿಗಳು 1931ರ ಜನವರಿ 12ರಂದು ಗಲ್ಲಿಗೇರಿದರು. 1938ರ ನವೆಂಬರ್‌ನಲ್ಲಿ ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮುಂಬಯಿ ಶಾಸನದ ವಿರುದ್ಧ ಡಾ. ಅಂಬೇಡ್ಕರರ ಪಕ್ಷವೂ ಕಮ್ಯುನಿಸ್ಟರೂ ಕೂಡಿ ಒಂದು ದಿನದ ಮುಷ್ಕರ ನಡೆಸಿದರು. 1940ರ ಮಾರ್ಚ್‌ನಲ್ಲಿ ತುಟ್ಟಿಭತ್ಯೆಗಾಗಿ ಮುಂಬಯಿಯ ಗಿರಣಿಗಳು ಮತ್ತೆ ನಿಂತವು. ವಿಮಾನ ಕಾರ್ಖಾನೆಗೆ ಜಾಗ ಗೊತ್ತಾದದ್ದು ಅದೇ ವರ್ಷ.

ವಿಮಾನದ ಯೋಚನೆ ವಿಮಾನದಲ್ಲೇ ಮೊಳೆಯಿತು. 1939ರ ಅಕ್ಟೋಬರ್‌ನಲ್ಲಿ ಅಮೆರಿಕದಿಂದ ಮರಳುತ್ತ ಪೆಸಿಫಿಕ್ ಸಾಗರದ ಮೇಲೆ ಹಾರುತ್ತಿದ್ದಾಗ ಅವರಿಗೆ ಸಹಪ್ರಯಾಣಿಕರಾಗಿ ವಿಲಿಯಂ ಪಾಲೆ ಎಂಬ ಅಮೆರಿಕನ್ ಉದ್ಯಮಿ ದೊರೆತರು. ಪಾಲೆ ಚೀನಾದಲ್ಲಿ ಯುದ್ಧವಿಮಾನಗಳನ್ನು ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವರು. ಚೀನಾದಲ್ಲಿ ಸಾಧ್ಯವಾದದ್ದು ಭಾರತದಲ್ಲೇಕೆ ಆಗದು ಎಂಬ ಪ್ರಶ್ನೆ ವಾಲಚಂದರನ್ನು ಹಿಡಿಯಿತು. ದೆಹಲಿಯ ಸರ್ಕಾರ ಮೊದಲು ಉತ್ಸಾಹ ತೋರಲಿಲ್ಲ. 1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾದ ಮೇಲೆ ಬ್ರಿಟನ್ನಿನಿಂದ ವಿಮಾನ ತರಿಸಿಕೊಳ್ಳುವ ಆಸೆ ಕಮರಿತು, ಸರ್ಕಾರದ ಧೋರಣೆಯೂ ಮೆದುವಾಯಿತು.

ಈಗ ಜಾಗದ ಪ್ರಶ್ನೆ. ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ತೋರಿದ ವೇಗ ಆ ಕಾಲದ ಆಡಳಿತದಲ್ಲಿ ಅಪರೂಪದ್ದು. 700 ಎಕರೆ ಭೂಮಿಯನ್ನು ಪುಕ್ಕಟೆಯಾಗಿ ಕೊಟ್ಟರು. ಸಂಸ್ಥಾನದ ಪರವಾಗಿ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹೂಡಿದರು. ಶಿವನಸಮುದ್ರದ ವಿದ್ಯುತ್ತು 1905ರಿಂದಲೇ ಬೆಂಗಳೂರಿನಲ್ಲಿತ್ತು. ಭದ್ರಾವತಿಯಲ್ಲಿ ಕಬ್ಬಿಣ, ಊರಲ್ಲೇ ಟಾಟಾ ವಿಜ್ಞಾನ ಸಂಸ್ಥೆ, ತಂಪು ಹವೆ. ಕರಾವಳಿಯಿಂದ ದೂರವಿದ್ದುದರಿಂದ ಶತ್ರುವಿನ ಬಾಂಬಿಗೂ ದೂರ. 1940ರ ಡಿಸೆಂಬರ್ 23ರಂದು 4 ಕೋಟಿ ರೂಪಾಯಿ ಅಧಿಕೃತ ಬಂಡವಾಳದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಯಿತು.

ಇವೆಲ್ಲ ಪುಸ್ತಕಗಳಲ್ಲಿ ಎಣಿಸುವ ಕಾರಣಗಳು. ಎಣಿಕೆಯಲ್ಲಿ ಬಾರದ ಇನ್ನೊಂದು ಸಂಗತಿಯಿದೆ. ಕಾರ್ಮಿಕ ಸಂಘಗಳಿಗೆ ಮಾನ್ಯತೆ ನೀಡಿದ 1926ರ ಕಾಯಿದೆ ಬ್ರಿಟಿಷ್ ಇಂಡಿಯಾದ್ದು. ಸಂಸ್ಥಾನಗಳ ಗಡಿಯಲ್ಲಿ ಅದು ನಿಂತುಬಿಡುತ್ತಿತ್ತು. ಸೊಲ್ಲಾಪುರದ ಕಾಮಗಾರನಿಗಿದ್ದ ಆ ಕಾನೂನಿನ ಆಸರೆ ಬೆಂಗಳೂರಿನವನಿಗೆ ಇರಲಿಲ್ಲ. ಹಾಗೆಂದು ಮೈಸೂರಿನ ದುಡಿಮೆಗಾರರು ಮೂಕರಾಗಿದ್ದರೆಂದಲ್ಲ. 1926ರಲ್ಲೇ ಬಿನ್ನಿ ಗಿರಣಿಯ ಮುಷ್ಕರದಲ್ಲಿ ಗೋಲಿಬಾರ್ ಆಗಿತ್ತು. 1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಬೆರಳಚ್ಚು ತೆಗೆಯುವ ಕ್ರಮವನ್ನು ವಿರೋಧಿಸಿ ಸಾವಿರಾರು ಜನ ಕೆಲಸ ನಿಲ್ಲಿಸಿದ್ದರು. ಆದರೂ ಮುಂಬಯಿಯ ಕೆಂಬಾವುಟಗಳನ್ನು ಹನ್ನೆರಡು ವರ್ಷ ಕಂಡ ಉದ್ಯಮಿಯ ಕಣ್ಣಿಗೆ ಸಂಘದ ಕಾನೂನಿಲ್ಲದ ಆ ಸಂಸ್ಥಾನ ಹಿತವಾಗಿಯೇ ತೋರಿರಬೇಕೆಂದು ನಾನು ಭಾವಿಸುತ್ತೇನೆ.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಬೋಯಿಂಗ್ ಕಂಪನಿಯ ಸಿಯಾಟಲ್ ಕಡೆಯ ಯಂತ್ರ ಕಾರ್ಮಿಕರು 2008ರಲ್ಲಿ ಸುಮಾರು ಎಂಟು ವಾರ ಮುಷ್ಕರ ಹೂಡಿದರು. ಮರುವರ್ಷ ಆ ಕಂಪನಿ ತನ್ನ 787 ವಿಮಾನದ ಎರಡನೆಯ ಜೋಡಣಾ ಘಟಕವನ್ನು ಸಂಘಗಳ ಬಲ ಅತಿ ಕಡಿಮೆಯಿರುವ ದಕ್ಷಿಣ ಕೆರೊಲಿನಾಗೆ ಒಯ್ಯಲು ನಿರ್ಧರಿಸಿತು. ಇದು ಮುಷ್ಕರಕ್ಕೆ ಕೊಟ್ಟ ಶಿಕ್ಷೆಯೇ ಎಂಬ ವ್ಯಾಜ್ಯ 2011ರಲ್ಲಿ ಅಲ್ಲಿಯ ಕಾರ್ಮಿಕ ಮಂಡಳಿಯವರೆಗೆ ಹೋಗಿ, ಕೊನೆಗೆ ರಾಜಿಯಲ್ಲಿ ಮುಗಿಯಿತು.

ಆದರೆ ವಾಲಚಂದರ ವಿಷಯದಲ್ಲಿ ಆತುರದ ತೀರ್ಪು ಸಲ್ಲದು. ಅವರೇ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ ಮೋಟಾರು ಕಾರಿನ ಕಾರ್ಖಾನೆಯನ್ನು ಕಟ್ಟಿದ್ದು ಎಲ್ಲಿ? ಮುಂಬಯಿಯ ಕುರ್ಲಾದಲ್ಲಿ, ಮುಷ್ಕರಗಳ ತವರಿನಲ್ಲೇ. ಸರ್ ಎಂ. ವಿಶ್ವೇಶ್ವರಯ್ಯನವರ ಕಾರಿನ ಯೋಜನೆಗೆ ವಾಲಚಂದರ ಬೆಂಬಲವಿತ್ತು. ಅದನ್ನು ಮೈಸೂರಿನಲ್ಲಿ ನೆಲೆಗೊಳಿಸುವ ಪ್ರಯತ್ನ ಕೈಗೂಡಿರಲಿಲ್ಲ. ಕಾರಿಗೆ ಬೇಕಾದದ್ದು ಬಂದರು ಮತ್ತು ಗಿರಾಕಿ; ಅವೆರಡೂ ಮುಂಬಯಿಯಲ್ಲಿದ್ದವು. ವಿಮಾನಕ್ಕೆ ಗಿರಾಕಿಯೆಂದರೆ ಸರ್ಕಾರವೊಂದೇ. ಹಡಗುಕಟ್ಟೆಗೆ ಅವರು ಕಲ್ಕತ್ತೆಯಲ್ಲಿ ಜಾಗ ಕೇಳಿ, ಸಿಗದೆ, ವಿಶಾಖಪಟ್ಟಣಕ್ಕೆ ಹೋದರು. 1941ರ ಜೂನ್ 21ರಂದು ಬಾಬು ರಾಜೇಂದ್ರಪ್ರಸಾದರು ಅಲ್ಲಿ ಅಡಿಗಲ್ಲಿಟ್ಟರು. ಹತ್ತು ತಿಂಗಳೊಳಗೆ, 1942ರ ಏಪ್ರಿಲ್ 6ರಂದು, ಜಪಾನಿ ವಿಮಾನಗಳು ಆ ಊರಿನ ಮೇಲೆ ಬಾಂಬು ಹಾಕಿದವು. ಒಳನಾಡಿನ ಬೆಂಗಳೂರನ್ನು ಆರಿಸಿದ್ದು ಅವಿವೇಕವಾಗಿರಲಿಲ್ಲ ಎಂಬುದು ಅಂದೇ ತಿಳಿಯಿತು. ಹೀಗೆ ಜಾಗದ ಲೆಕ್ಕದಲ್ಲಿ ಕಾರ್ಮಿಕರು ಒಂದು ಅಂಕಿ ಮಾತ್ರ. ಕಡೆಗಣಿಸಲಾಗದ ಅಂಕಿ, ಆದರೆ ಒಟ್ಟು ಮೊತ್ತವಲ್ಲ.

ಕಾರ್ಖಾನೆಯ ಕೆಲಸ ಭರದಿಂದ ಸಾಗಿತು. ಅಮೆರಿಕದಿಂದ ಯಂತ್ರಗಳೂ ತಂತ್ರಜ್ಞರೂ ಬಂದರು. 1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರ 25 ಲಕ್ಷ ಹಾಕಿ ಮೂರನೆಯ ಒಂದು ಪಾಲಿಗೆ ಒಡೆಯನಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನ ಹಾರಿತು. ಮುಂದಿನ ವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನವೂ ಸಿದ್ಧವಾಯಿತು. ಸುತ್ತಲಿನ ಹಳ್ಳಿ ಪೇಟೆಗಳ ತರುಣರು ರಿವೆಟ್ ಹೊಡೆಯುವುದನ್ನೂ ಅಲ್ಯೂಮಿನಿಯಂ ತಗಡು ಬಗ್ಗಿಸುವುದನ್ನೂ ಅಲ್ಲೇ ಕಲಿತರು. ವಿಮಾನದ ಕೆಲಸಗಾರನನ್ನು ಸುರಂಗದ ಕೂಲಿಯಂತೆ ಕಳಿಸಿ ನಾಳೆ ಬೇರೊಬ್ಬನನ್ನು ತರಲಾಗದು. ಕೈಗೆ ಕುಶಲತೆ ಬಂದ ಹಾಗೆ ಅವನ ಮಾತಿಗೂ ತೂಕ ಬರುತ್ತದೆ. ಮಾಲೀಕ ಶಾಂತ ನೆಲವನ್ನು ಹುಡುಕಿ ಬರುತ್ತಾನೆ, ಬಂದಮೇಲೆ ಅವನ ಕಾರ್ಖಾನೆಯೇ ಆ ಶಾಂತಿಯನ್ನು ಕಲಕುತ್ತದೆ.

ಬೆಂಗಳೂರಿನಲ್ಲಿ ಆದದ್ದೂ ಅದೇ. ಮುಷ್ಕರಗಳ ಒತ್ತಡಕ್ಕೆ ಮಣಿದು ಮೈಸೂರು ಸರ್ಕಾರ 1941–42ರಲ್ಲಿ ಕಾರ್ಮಿಕ ಶಾಸನವನ್ನು ತಂದು ಸಂಘಗಳಿಗೆ ಮಾನ್ಯತೆ ನೀಡಬೇಕಾಯಿತು. ಕಂಪನಿ ನೋಂದಣಿಯಾಗಿ ಎರಡು ವರ್ಷ ಕೂಡ ತುಂಬಿರಲಿಲ್ಲ. 1942ರ ಆಗಸ್ಟ್‌ನಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಎದ್ದಾಗ ಬೆಂಗಳೂರಿನ ಗಿರಣಿಗಳ ಜೊತೆಗೆ ವಿಮಾನ ಕಾರ್ಖಾನೆಯ ಕೆಲಸಗಾರರೂ ಹೊರಬಂದರು. ಮುಂದೆ 1980ರ ಡಿಸೆಂಬರಿನಿಂದ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಮುಷ್ಕರದಲ್ಲಿ ಇದೇ ಕಾರ್ಖಾನೆಯ ಕಾರ್ಮಿಕರು ಮುಂಚೂಣಿಯಲ್ಲಿದ್ದರು.

1942ರ ಆಗಸ್ಟಿನ ಮುಷ್ಕರದ ಹೊತ್ತಿಗೆ ವಾಲಚಂದರು ಮಾಲೀಕರಾಗಿ ಉಳಿದಿರಲಿಲ್ಲ ಎಂಬುದು ಈ ಕಥೆಯ ವಿಚಿತ್ರ. ಜಪಾನಿ ಸೇನೆ ಬರ್ಮಾವನ್ನು ಹಿಡಿಯುತ್ತಿದ್ದಂತೆ, ಏಪ್ರಿಲ್‌ನಲ್ಲೇ, ಭಾರತ ಸರ್ಕಾರ ಅವರ ಮತ್ತು ಅವರ ಸಂಗಡಿಗರ ಪಾಲನ್ನು ಹಣ ಕೊಟ್ಟು ಕೊಂಡುಬಿಟ್ಟಿತು. ಮೈಸೂರು ಸಂಸ್ಥಾನ ತನ್ನ ಪಾಲನ್ನು ಮಾರಲಿಲ್ಲ, ಆದರೆ ಯುದ್ಧ ಮುಗಿಯುವವರೆಗೆ ಆಡಳಿತದಲ್ಲಿ ಕೈಹಾಕುವುದಿಲ್ಲವೆಂದು ಒಪ್ಪಿತು. 1943ರಲ್ಲಿ ಕಾರ್ಖಾನೆಯ ಮೇಲ್ವಿಚಾರಣೆ ಅಮೆರಿಕನ್ ಸೇನೆಯ ಕೈಗೆ ಹೋಯಿತು. ಹೊಸ ವಿಮಾನ ಕಟ್ಟಲೆಂದು ಹುಟ್ಟಿದ್ದು ಯುದ್ಧದ ಕೊನೆಯವರೆಗೆ ದುರಸ್ತಿಯ ಮನೆಯಾಯಿತು. ಶಾಂತ ನೆಲ, ಸಂಸ್ಥಾನದ ಸ್ನೇಹ, ಅಗ್ಗದ ವಿದ್ಯುತ್ತು ಎಲ್ಲವನ್ನೂ ಲೆಕ್ಕ ಹಾಕಿದ್ದ ಉದ್ಯಮಿಯ ಕೈಯಿಂದ ಕಾರ್ಖಾನೆಯನ್ನು ಬಿಡಿಸಿದ್ದು ಕಾರ್ಮಿಕ ಸಂಘವಲ್ಲ, ಸರ್ಕಾರ. ಹಡಗಿನ ದಿನಗಳ ಹಳೆಯ ಪಾಠವೇ ಇದು.

ಸ್ವಾತಂತ್ರ್ಯ ಬಂದಮೇಲೆ 1948ರ ಮಾರ್ಚ್ 14ರಂದು ವಿಶಾಖಪಟ್ಟಣದ ಹಡಗುಕಟ್ಟೆಯಿಂದ ಜಲ ಉಷಾ ನೀರಿಗಿಳಿದದ್ದನ್ನು ವಾಲಚಂದರು ಕಂಡರು. ಬಳಿಕ ಆರೋಗ್ಯ ಕೈಕೊಟ್ಟಿತು. 1950ರಲ್ಲಿ ವ್ಯವಹಾರಗಳಿಂದ ನಿವೃತ್ತರಾದರು. ಮರುವರ್ಷ ಆಗಸ್ಟ್ 5ರಂದು ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಎಚ್.ಟಿ.–2 ವಿಮಾನ ಹಾರಿತು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ವಾಲಚಂದರು ಕಣ್ಣು ಮುಚ್ಚಿದಾಗ ಅವರಿಗೆ 70 ವರ್ಷ. ಮುಂದಿನ ದಶಕದಲ್ಲಿ ಮಿಗ್ ವಿಮಾನಗಳ ಕಾರ್ಖಾನೆಗೆ ಜಾಗ ಹುಡುಕುವ ಸಂದರ್ಭ ಬಂದಾಗ ಸರ್ಕಾರ ಆರಿಸಿದ್ದು ನಾಸಿಕ್ ಜಿಲ್ಲೆಯ ಓಝರ್ ಗ್ರಾಮವನ್ನು. ಅದೇ ಜಿಲ್ಲೆಯ ರಾವಳಗಾಂವದ ಬಂಜರಿನಲ್ಲಿ ಅವರು 1923ರಲ್ಲಿ ಕಬ್ಬು ಬೆಳೆಯಲು ತೊಡಗಿದ್ದರು.