ಬೋಳು ಬೆಟ್ಟಕ್ಕೆ ಹಸುರುಡಿಸಿದ ಜಮೀನುದಾರ

ಸಿರಿವಂತರ ಮನೆಯಲ್ಲಿ ಹುಟ್ಟುವುದು ಪೂರ್ವಜನ್ಮದ ಸುಕೃತವೆಂದು ನಮ್ಮ ಹಿರಿಯರು ಹೇಳುವರು. ಆ ಸಿರಿಯನ್ನು ಯಾವ ಕಾರ್ಯಕ್ಕೆ ವಿನಿಯೋಗಿಸಬೇಕೆಂಬುದಾದರೋ ಈ ಜನ್ಮದ ವಿವೇಕಕ್ಕೆ ಬಿಟ್ಟುದು. ಭೂಮಿಯಿಂದ ಸರ್ವಸ್ವವನ್ನೂ ಪಡೆದ ಜಮೀನುದಾರರು ಎಲ್ಲ ದೇಶಗಳಲ್ಲಿಯೂ ಉಂಟು. ಭೂಮಿಗಾಗಿ ಸರ್ವಸ್ವವನ್ನೂ ತೆತ್ತವರು ವಿರಳ. ಅಂತಹ ವಿರಳರಲ್ಲೊಬ್ಬನಾದ ವೇಲ್ಸ್ ದೇಶದ ಥಾಮಸ್ ಜೋನ್ಸನ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಜೋನ್ಸನು ೧೭೪೮ರಲ್ಲಿ ಲಡ್ಲೋ ಪಟ್ಟಣದಲ್ಲಿ ಜನಿಸಿದನು. ತಂದೆ ವೇಲ್ಸಿನ ಪ್ರಾಚೀನ ಮನೆತನದ ಜಮೀನುದಾರ, ಪಾರ್ಲಿಮೆಂಟಿನ ಸದಸ್ಯ. ತಾಯಿ ಕಬ್ಬಿಣದ ಉದ್ಯಮದಿಂದ ಸಂಪತ್ತನ್ನು ಗಳಿಸಿದ ನೈಟ್ ವಂಶದವಳು. ಈಟನ್ ವಿದ್ಯಾಶಾಲೆಯಲ್ಲಿಯೂ ಎಡಿನ್‌ಬರೋದಲ್ಲಿಯೂ ವಿದ್ಯಾರ್ಜನೆಯನ್ನು ಮಾಡಿ, ೧೭೭೫ರಲ್ಲಿ ಕಾರ್ಡಿಗನ್ ಕ್ಷೇತ್ರದಿಂದ ಕಾಮನ್ಸ್ ಸಭೆಯನ್ನು ಪ್ರವೇಶಿಸಿದನು. ೧೭೮೦ರಲ್ಲಿ ತಂದೆ ತೀರಿಕೊಂಡ ಬಳಿಕ ರ‍್ಯಾಡ್ನರ್‌ಷೈರಿಗೂ, ೧೭೯೬ರಿಂದ ಮರಣಪರ್ಯಂತ ಕಾರ್ಡಿಗನ್‌ಷೈರಿಗೂ ಪ್ರತಿನಿಧಿಯಾಗಿದ್ದನು. ಹೀಗೆ ನಾಲ್ವತ್ತು ವರ್ಷ ಸಭೆಯಲ್ಲಿ ಕುಳಿತವನಾದರೂ ಅವನ ಕೀರ್ತಿಯು ಅಲ್ಲಿ ಬೆಳೆಯಲಿಲ್ಲ. ಅಸ್ಟ್ವಿತ್ ನದಿಯ ಕಣಿವೆಯಲ್ಲಿ ಬೆಳೆಯಿತು.

ಆ ಕಣಿವೆಯಲ್ಲಿದ್ದ ಹಾವೊಡ್ ಎಂಬ ಜಮೀನು ಪಿತ್ರಾರ್ಜಿತವಾಗಿ ಬಂದುದು. ಬೆಟ್ಟಗಳು ಬೋಳು, ಮಾರ್ಗಗಳು ದುರ್ಗಮ, ಒಕ್ಕಲುಗಳು ಕಡುಬಡವರು. ಇತರರಾಗಿದ್ದರೆ ಗುತ್ತಿಗೆಯ ಹಣವನ್ನು ಎತ್ತಲು ಒಬ್ಬ ಪಾರುಪತ್ಯಗಾರನನ್ನು ನೇಮಿಸಿ ಲಂಡನ್ನಿನಲ್ಲಿ ಸುಖವಾಗಿರುತ್ತಿದ್ದರು. ಜೋನ್ಸನು ಇಂಗ್ಲೆಂಡಿನಲ್ಲಿದ್ದ ಕ್ರಾಫ್ಟ್ ಕೋಟೆಯನ್ನು ಮಾರಿ, ಈ ಕಾಡುಮೇಡಿನಲ್ಲಿಯೇ ನೆಲಸಿದನು. ಬಾತ್ ಪಟ್ಟಣದ ಶಿಲ್ಪಿ ಬಾಲ್ಡ್ವಿನ್ನನಿಂದ ಭವ್ಯವಾದ ಸೌಧವನ್ನು ಕಟ್ಟಿಸಿದನು. ಪ್ರಖ್ಯಾತನಾದ ಜಾನ್ ನ್ಯಾಷನು ಅದಕ್ಕೆ ಅಷ್ಟಕೋನದ ಗ್ರಂಥಾಲಯವನ್ನು ಸೇರಿಸಿದನು. ಬೆಟ್ಟದ ಇಳುಕಲುಗಳಲ್ಲಿ ಮರಗಳನ್ನು ನೆಡಿಸತೊಡಗಿದನು. ೧೭೯೫ರಿಂದ ೧೮೦೧ರವರೆಗಿನ ಅವಧಿಯಲ್ಲಿಯೇ ೨೦ ಲಕ್ಷಕ್ಕೂ ಮಿಕ್ಕ ಸಸಿಗಳನ್ನು ನೆಟ್ಟರು. ಅವುಗಳಲ್ಲಿ ಲಾರ್ಚ್ ಜಾತಿಯವೇ ಹೆಚ್ಚು. ಲಂಡನ್ನಿನ ಕಲಾಪ್ರೋತ್ಸಾಹಕ ಸಂಘವು ಅವನಿಗೆ ಅನೇಕ ಬಾರಿ ಪದಕವನ್ನಿತ್ತು ಗೌರವಿಸಿತು.

ಮರಗಳನ್ನು ಬೆಳೆಸಿ ಮನುಷ್ಯರನ್ನು ಮರೆತವನಲ್ಲ. ಜಿಲ್ಲೆಯ ಕೃಷಿಸಂಘಕ್ಕೆ ಬೆಂಬಲವಾಗಿ ನಿಂತನು. ೧೮೦೦ರಲ್ಲಿ ಒಕ್ಕಲುಗಳಿಗೆ ವ್ಯವಸಾಯದ ಬುದ್ಧಿವಾದವನ್ನು ಹೇಳುವ ಪುಸ್ತಕವೊಂದನ್ನು ಬರೆದನು. ಬರೆದುದು ಇಂಗ್ಲಿಷಿನಲ್ಲಿ; ಆದರೆ ಓದಬೇಕಾದ ರೈತನ ನುಡಿ ವೆಲ್ಷ್ ಎಂಬುದನ್ನರಿತು, ವಿದ್ವಾಂಸನಾದ ವಿಲಿಯಂ ಓವೆನ್ ಪ್ಯೂನಿಂದ ಅದನ್ನು ಆ ಭಾಷೆಗೆ ಮಾಡಿಸಿದನು. ಜನರಿಗೆ ಹಿತವನ್ನು ಹೇಳುವವನು ಜನರ ಭಾಷೆಯಲ್ಲಿ ಹೇಳಬೇಕೆಂಬ ತತ್ತ್ವವನ್ನು ಅಧಿಕಾರಸ್ಥರು ಇಂದಿಗೂ ಮನನಮಾಡುವುದು ಲೇಸು. ೧೮೦೩ರಲ್ಲಿ ಆ ಬೆಟ್ಟದ ನಡುವೆಯೇ ಮುದ್ರಣಾಲಯವನ್ನು ಸ್ಥಾಪಿಸಿ, ಫ್ರೆಂಚ್ ಚರಿತ್ರಕಾರ ಫ್ರೋಸಾರನ ಗ್ರಂಥವನ್ನು ತಾನೇ ಭಾಷಾಂತರಿಸಿ ಅಚ್ಚುಹಾಕಿಸಿದನು.

ಆದರೆ ದೈವವು ಅವನಲ್ಲಿ ಪ್ರಸನ್ನವಾಗಿರಲಿಲ್ಲ. ೧೮೦೭ರ ಮಾರ್ಚ್ ೧೩ರಂದು ಸೌಧಕ್ಕೆ ಬೆಂಕಿ ಬಿದ್ದಿತು. ಅವನು ಕೂಡಿಟ್ಟಿದ್ದ ಅಮೂಲ್ಯ ಗ್ರಂಥಗಳೂ ವೆಲ್ಷ್ ಭಾಷೆಯ ಹಸ್ತಪ್ರತಿಗಳೂ ಬೂದಿಯಾದವು. ವಿಮೆಯ ಹಣವು ನಷ್ಟದ ಒಂದು ಭಾಗಕ್ಕೆ ಮಾತ್ರ ಸಾಲುವಷ್ಟಿದ್ದಿತು. ವಯಸ್ಸು ಅರುವತ್ತನ್ನು ಸಮೀಪಿಸಿದ್ದರೂ ಎದೆಗೆಡದೆ ಪುನಃ ಮನೆಯನ್ನು ಕಟ್ಟಿಸಿದನು. ಅದರ ಹಿಂದೆಯೇ ೧೮೧೧ರಲ್ಲಿ, ಬಾಲ್ಯದಿಂದಲೂ ರೋಗಪೀಡಿತಳಾಗಿದ್ದು ಸಸ್ಯಶಾಸ್ತ್ರದಲ್ಲಿ ಆಸಕ್ತಳಾಗಿದ್ದ ಏಕಮಾತ್ರಪುತ್ರಿ ಮೇರಿಯಮ್ನೆಯು ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮನೆಯನ್ನು ಮತ್ತೆ ಕಟ್ಟಬಹುದು. ಮಗಳನ್ನು ಮತ್ತೆ ತರುವ ಬಗೆ ಎಲ್ಲಿಯದು? ಸಾಲದ ಹೊರೆಯಿಂದ ಕುಗ್ಗಿ, ಜೋನ್ಸನು ೧೮೧೬ರ ಏಪ್ರಿಲಿನಲ್ಲಿ ಡೆವನ್ ಪ್ರಾಂತದ ಡಾಲಿಷ್ ಎಂಬಲ್ಲಿ ದೇಹವನ್ನು ಬಿಟ್ಟನು. ಜಮೀನು ೧೮೩೩ರಲ್ಲಿ ನ್ಯೂಕಾಸಲಿನ ಡ್ಯೂಕನ ಪಾಲಾಯಿತು. ಮಗಳ ನೆನಪಿಗಾಗಿ ಶಿಲ್ಪಿ ಚಾಂಟ್ರಿಯು ಕಡೆದ ಅಮೃತಶಿಲೆಯ ಸ್ಮಾರಕವು ೧೯೩೨ರಲ್ಲಿ ಚರ್ಚಿನ ಬೆಂಕಿಗೆ ಸಿಕ್ಕಿ ಹಾಳಾಯಿತು. ಸೌಧವನ್ನು ೧೯೫೮ರಲ್ಲಿ ಕೆಡವಿದರು.

ಇಷ್ಟನ್ನು ಓದಿದವರು ಜೋನ್ಸನ ಬಾಳು ವ್ಯರ್ಥವಾಯಿತೆಂದಾರು. ಅವನು ಆದಾಯವನ್ನರಿಯದೆ ವೆಚ್ಚಮಾಡಿದನೆಂಬುದೂ, ಆ ವೆಚ್ಚಕ್ಕೆ ಒಕ್ಕಲುಗಳ ಬೆವರೂ ಮೂಲವಾಗಿದ್ದಿತೆಂಬುದೂ ದಿಟ. ಆದರೂ ನಮ್ಮ ಅಭಿಪ್ರಾಯವು ಬೇರೆ. ತನಗಾಗಿ ಕಟ್ಟಿದ ಮನೆ ಅಳಿಯಿತು. ತನಗಾಗಿ ಕೂಡಿಟ್ಟ ಗ್ರಂಥಗಳು ಉರಿದುಹೋದವು. ತನ್ನ ವಂಶವೂ ನಿಂತಿತು. ಆದರೆ ಅವನು ಬೋಳು ನೆಲದಲ್ಲಿ ಆರಂಭಿಸಿದ ವನವು ಕಡಿತಗಳನ್ನೂ ಮರುನೆಡಿಕೆಗಳನ್ನೂ ಕಂಡು ಇಂದಿಗೂ ಆ ಕಣಿವೆಯಲ್ಲಿ ಉಳಿದಿದೆ. ಅವನು ಹಾಕಿಸಿದ ಕಾಲುದಾರಿಗಳನ್ನು ಸರಿಪಡಿಸಿ ಸರ್ವಜನರಿಗೂ ತೆರೆದಿಟ್ಟಿದ್ದಾರೆ. ನೆಟ್ಟವನೇ ನೆರಳನ್ನು ಉಣ್ಣಬೇಕೆಂಬ ನಿಯಮವಿಲ್ಲ. ಉಳ್ಳವರು ಈ ಮಾತನ್ನು ನೆನಪಿನಲ್ಲಿಟ್ಟು ಒಂದೊಂದು ಗುಡ್ಡವನ್ನಾದರೂ ಹಸುರುಮಾಡಿದರೆ, ಮುಂದಿನವರು ಅವರ ಹೆಸರನ್ನು ಮರೆತರೂ ನೆರಳನ್ನು ಮರೆಯಲಾರರು.