ವಿಲಿಯಂ ಸೂವರ್ಡನ ಚರಿತ್ರೆ

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮನುಷ್ಯರನ್ನು ದನಗಳಂತೆ ಕೊಂಡು ಮಾರುತ್ತಿದ್ದ ಕಾಲವೊಂದಿತ್ತೆಂಬದನ್ನು ನಮ್ಮ ವಾಚಕರು ಬಲ್ಲರು. ಆ ದಾಸ್ಯವು ನಿರ್ಮೂಲವಾದ ವೃತ್ತಾಂತದಲ್ಲಿ ಲಿಂಕನನ ಹೆಸರು ಎಲ್ಲರ ಬಾಯಲ್ಲಿದೆ. ಆತನ ಮಂತ್ರಿಯಾಗಿದ್ದ ವಿಲಿಯಂ ಸೂವರ್ಡನ ಹೆಸರನ್ನು ನಮ್ಮ ಹಳ್ಳಿಗಳಲ್ಲಿ ಕೇಳಿದವರು ಕಡಿಮೆ. ಆದಕಾರಣ ಈ ಸಾರಿ ಆತನ ಸಂಗತಿಯನ್ನು ಬರೆಯುತ್ತೇವೆ.

ಸೂವರ್ಡನು 1801ನೆಯ ಇಸವಿ ಮೇ 16ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಒಂದು ಗ್ರಾಮದಲ್ಲಿ ಹುಟ್ಟಿದನು. ಆತನ ತಂದೆಯ ಮನೆಯಲ್ಲಿಯೂ ದಾಸರಿದ್ದರು. ಬಾಲಕನು ಅಡಿಗೆಮನೆಯಲ್ಲಿ ಅವರ ಮಧ್ಯದಲ್ಲಿ ಕೂತು ಅವರ ಕಥೆಗಳನ್ನು ಕೇಳುತ್ತಾ ಬೆಳೆದನು. 1822ರಲ್ಲಿ ವಕೀಲನಾಗಿ, ತರುವಾಯ ಆಬರ್ನ್ ಎಂಬ ಊರಲ್ಲಿ ನೆಲೆಸಿದನು. 1839ರಿಂದ ನಾಲ್ಕು ವರುಷ ಆ ಸಂಸ್ಥಾನದ ಗವರ್ನರನಾಗಿದ್ದನು. ಆಗ, ಒಬ್ಬ ದಾಸನು ತಪ್ಪಿಸಿಕೊಳ್ಳುವದಕ್ಕೆ ನೆರವಾದ ಮೂವರು ನಾವಿಕರನ್ನು ಒಪ್ಪಿಸಬೇಕೆಂದು ವರ್ಜೀನಿಯದವರು ಕೇಳಲು, ಒಬ್ಬ ಮನುಷ್ಯನು ಇನ್ನೊಬ್ಬನ ಸ್ವತ್ತೆಂಬದನ್ನು ತನ್ನ ಸಂಸ್ಥಾನದ ಕಾಯಿದೆ ಒಪ್ಪದೆಂದು ಹೇಳಿ ಒಪ್ಪಿಸದೆ ಹೋದನು.

ಆದರೆ ಆತನ ಹೃದಯವನ್ನು ಶೋಧಿಸಿದ್ದು 1846ರ ಒಂದು ಮೊಕದ್ದಮೆ. ಆಬರ್ನಿನಲ್ಲಿ ವಿಲಿಯಂ ಫ್ರೀಮನ್ ಎಂಬ ಬಡ ಕರಿಯ ಹುಡುಗನು ಕುದುರೆ ಕದ್ದನೆಂದು, ತಾನು ಕದ್ದಿಲ್ಲವೆಂದರೂ, ಐದು ವರುಷ ಸೆರೆಯಲ್ಲಿದ್ದನು. ಅಲ್ಲಿ ಹಲಗೆಯಿಂದ ತಲೆಗೆ ಹೊಡೆದದ್ದರಿಂದ ಕಿವುಡನಾದನು, ಬುದ್ಧಿಯೂ ಕೆಟ್ಟಿತು. ಹೊರಗೆ ಬಂದ ಮೇಲೆ, ಆ ಐದು ವರುಷದ ದುಡಿತಕ್ಕೆ ಕೂಲಿ ಕೊಡಿಸಿರೆಂದು ಅಧಿಕಾರಿಗಳ ಬಳಿಗೆ ಅಲೆದನು; ಯಾರೂ ಕೊಡಿಸಲಿಲ್ಲ. ಕೂಲಿ ದಕ್ಕದ ದುಃಖವನ್ನು ಕಂಡ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡೆಗೆ ಅವನು, ತನಗೆ ಯಾವ ಕೇಡನ್ನೂ ಮಾಡದ ಒಂದು ಒಕ್ಕಲುಮನೆಗೆ ನುಗ್ಗಿ, ಒಂದು ಚಿಕ್ಕ ಮಗುವನ್ನೂ ಸೇರಿಸಿ ನಾಲ್ವರನ್ನು ಕೊಂದನು.

ಊರು ಕೆಂಡವಾಯಿತು. ವಿಚಾರಣೆಗೆ ಮುಂಚೆಯೇ ಅವನನ್ನು ಕೊಲ್ಲಬೇಕೆಂದು ಜನರು ಕೂಗಿದರು. ಈ ಕೊಲೆಗಾರನ ಪರವಾಗಿ ನಿಲ್ಲುವವರು ಯಾರೆಂದು ನ್ಯಾಯಸ್ಥಾನದಲ್ಲಿ ಕೇಳಿದಾಗ ಸೂವರ್ಡನು ಎದ್ದು ನಿಂತು, ಅವನು ಸಾಯುವ ತನಕ ತಾನೇ ಅವನ ವಕೀಲನೆಂದನು. ಒಂದು ಕಾಸೂ ದೊರೆಯಲಿಲ್ಲ. ದೊರೆತದ್ದು ಊರವರ ದ್ವೇಷ. ಬುದ್ಧಿಗೆಟ್ಟವನನ್ನು ಗಲ್ಲಿಗೇರಿಸಬಾರದೆಂದು ವಾದಿಸಿ ಸೋತನು, ಮರಣದಂಡನೆ ವಿಧಿಸಲ್ಪಟ್ಟಿತು. ಮೇಲಿನ ಕೋರ್ಟು ಮರುವಿಚಾರಣೆಗೆ ಆಜ್ಞೆ ಮಾಡಿತಾದರೂ, ಅದು ನಡೆಯುವ ಮೊದಲೇ, 1847ರಲ್ಲಿ, ಫ್ರೀಮನನು ಸೆರೆಯಲ್ಲಿಯೇ ಸತ್ತನು. ವೈದ್ಯರು ತಲೆಯನ್ನು ಸೀಳಿ ನೋಡಲಾಗಿ ಮಿದುಳು ರೋಗದಿಂದ ಕೆಟ್ಟಿತ್ತು.

1860ರಲ್ಲಿ ತನ್ನ ಪಕ್ಷವು ಅಧ್ಯಕ್ಷ ಪದವಿಗೆ ತನ್ನನ್ನೇ ಆರಿಸುವದೆಂದು ನಂಬಿದ್ದನು. ಮೊದಲನೆಯ ಎಣಿಕೆಯಲ್ಲಿ ಮುಂದಿದ್ದವನು ಮೂರನೆಯದರಲ್ಲಿ ಲಿಂಕನನಿಗೆ ಸೋತನು. ಸೋಲಿಸಿದವನ ಕೈಕೆಳಗೆ ದುಡಿಯುವದು ಸುಲಭವಲ್ಲ. ಆದಾಗ್ಯೂ 1861ರಲ್ಲಿ ಆತನ ಪರರಾಷ್ಟ್ರ ಮಂತ್ರಿಯಾಗಿ, ಬರಬರುತ್ತಾ ಆಪ್ತಮಿತ್ರನೂ ಆದನು. 1865ನೆಯ ಏಪ್ರಿಲ್ 14ರ ರಾತ್ರಿ, ಲಿಂಕನನಿಗೆ ಗುಂಡು ಹೊಡೆದ ವೇಳೆಯಲ್ಲಿಯೇ, ಗಾಡಿಯಿಂದ ಬಿದ್ದು ಹಾಸಿಗೆ ಹಿಡಿದಿದ್ದ ಸೂವರ್ಡನ ಮುಖವನ್ನು ಇನ್ನೊಬ್ಬ ಘಾತಕನು ಕತ್ತಿಯಿಂದ ಸೀಳಿದನು. ಆತನು ಬದುಕಿಕೊಂಡನು; ಹೆಂಡತಿಯು ಎರಡು ತಿಂಗಳು ಕಳೆದ ಸ್ವಲ್ಪದರಲ್ಲಿಯೇ ತೀರಿಹೋದಳು. ಅದೇ ಡಿಸೆಂಬರ್ 18ರಲ್ಲಿ, ದಾಸ್ಯವು ರಾಜ್ಯಾಂಗದಿಂದಲೇ ನಿಷೇಧಿಸಲ್ಪಟ್ಟಿತೆಂಬ ಪತ್ರಕ್ಕೆ ಈ ಗಾಯಗೊಂಡ ಮಂತ್ರಿಯು ರುಜು ಹಾಕಿದನು.

ತರುವಾಯ, ಬಿಡುಗಡೆಯಾದ ಜನರ ಹಕ್ಕುಗಳಿಗೆ ಅಡ್ಡಬಂದ ಅಧ್ಯಕ್ಷ ಜಾನ್ಸನನ ಪಕ್ಷವನ್ನು ಹಿಡಿದನೆಂಬದನ್ನು ನಾವು ವ್ಯಥೆಯಿಂದ ಬರೆಯಬೇಕಾಗಿದೆ. 1867ರಲ್ಲಿ 72 ಲಕ್ಷ ಡಾಲರಿಗೆ ರಷ್ಯದಿಂದ ಅಲಾಸ್ಕವನ್ನು ಕೊಂಡನು. ಮುದಿವಯಸ್ಸಿನಲ್ಲಿ ಲೋಕವನ್ನು ಸುತ್ತುತ್ತಾ 1871ರಲ್ಲಿ ನಮ್ಮ ದೇಶಕ್ಕೂ ಬಂದನು.

1872ನೆಯ ಅಕ್ಟೋಬರ್ 10ರಲ್ಲಿ ಆಬರ್ನಿನಲ್ಲಿ ಮೃತನಾದನು. ದಾಸ್ಯದಿಂದ ಓಡಿಬಂದು ಅನೇಕರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್ಮನಳಿಗೆ, ಕಾಯಿದೆಯು ಆಕೆಯನ್ನು ಹುಡುಕುತ್ತಿದ್ದ 1859ರಲ್ಲಿಯೇ, ಆತನು ಆ ಊರಲ್ಲಿ ಮನೆಯನ್ನೂ ಹೊಲವನ್ನೂ ಸುಲಭವಾದ ಕಂತಿನ ಮೇಲೆ ಕೊಟ್ಟಿದ್ದನು. 1913ರಲ್ಲಿ ತೀರಿಕೊಂಡ ಆಕೆಯ ಸಮಾಧಿಯೂ ಆತನದಿರುವ ಶ್ಮಶಾನದಲ್ಲಿಯೇ ಇದೆ.