ವ್ಯಾನ್ ಗೋ ಬದುಕು: ಹುಚ್ಚನೆಂದು ಮನೆಗೆ ಬೀಗ ಹಾಕಿಸಿದವರು, ಬೈಪೋಲಾರ್ ಎಂದು ರೀಲ್ಸ್ ಮಾಡುವವರು

ವಿನ್ಸೆಂಟ್ ವ್ಯಾನ್ ಗೋ ಸತ್ತು 130 ವರ್ಷ ದಾಟಿದೆ. ಆದರೂ ಇನ್‌ಸ್ಟಾಗ್ರಾಮ್‌ನಲ್ಲಿ ಆತನಿಗೆ ಬಿಡುವಿಲ್ಲ. ಸುರುಳಿ ಸುತ್ತುವ ನೀಲಿ ಆಕಾಶದ ಚಿತ್ರ, ಹಿಂದೊಂದು ಪಿಯಾನೊ, ಮೇಲೊಂದು ಸಾಲು: ಈತನಿಗೆ ಬೈಪೋಲಾರ್ ಇತ್ತು. ಮತ್ತೊಂದು ರೀಲ್‌ನಲ್ಲಿ ಎಡಿಎಚ್‌ಡಿ, ಇನ್ನೊಂದರಲ್ಲಿ ಆಟಿಸಂ. ಕೊನೆಗೆ ಲಕ್ಷಣಗಳ ಒಂದು ಪಟ್ಟಿ. ಅದರಲ್ಲಿ ಮೂರು ನಿಮ್ಮಲ್ಲೂ ಇದ್ದರೆ ನಿಮಗೂ ಅದೇ ಕಾಯಿಲೆ ಅನ್ನೋ ಧಾಟಿ.

ಇದನ್ನ ನೋಡಿ ನಕ್ಕು ಸುಮ್ಮನಾಗಬಹುದು. ನನಗೆ ಅದು ಸಾಧ್ಯವಾಗ್ತಿಲ್ಲ. ಯಾಕಂದ್ರೆ ಆತ ಬದುಕಿದ್ದಾಗಲೂ ಬೇರೆ ಬೇರೆ ಜನ ಆತನ ಮನಸ್ಸಿಗೆ ಹೆಸರಿಡುತ್ತಲೇ ಇದ್ದರು. ಅದರಲ್ಲಿ ಯಾವ ಹೆಸರು ಆತನ ಕೈಹಿಡಿಯಿತು, ಯಾವುದು ಆತನನ್ನ ಬೀದಿಗೆ ತಳ್ಳಿತು ಅಂತ ನೋಡಿದರೆ ನಮ್ಮ ಕಾಲದ ಈ ಭಾಷೆಯೂ ಸ್ವಲ್ಪ ಅರ್ಥವಾಗುತ್ತೆ.

ಆತ ಹುಟ್ಟಿದ್ದು 1853ರ ಮಾರ್ಚ್ 30ರಂದು, ನೆದರ್ಲೆಂಡ್ಸ್‌ನ ಜುಂಡರ್ಟ್ ಎಂಬ ಹಳ್ಳಿಯಲ್ಲಿ. ಅಪ್ಪ ಚರ್ಚಿನ ಪಾದ್ರಿ. 16ನೇ ವಯಸ್ಸಿಗೆ ಚಿತ್ರ ಮಾರುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ, 1876ರಲ್ಲಿ ಅದು ಹೋಯಿತು. ಆಮೇಲೆ ಬೆಲ್ಜಿಯಂನ ಬೋರಿನಾಜ್ ಕಲ್ಲಿದ್ದಲು ಗಣಿಗಳಿಗೆ ಧರ್ಮಬೋಧಕನಾಗಿ ಹೋದ. ಅಲ್ಲಿ ಕಾರ್ಮಿಕರಿಗೆ ತನ್ನ ಬಟ್ಟೆಬರೆ ಕೊಟ್ಟು ಗುಡಿಸಲಲ್ಲಿ ಮಲಗುತ್ತಿದ್ದ. ಬೋಧಕನಿಗೆ ಇದು ತಕ್ಕದ್ದಲ್ಲ ಅಂತ ಚರ್ಚಿನ ಹಿರಿಯರಿಗೆ ಅನಿಸಿತು. 1879ರಲ್ಲಿ ಅವರು ಆತನ ಕೆಲಸ ಮುಂದುವರಿಸಲಿಲ್ಲ. ಮನೆಯಲ್ಲೂ ಜಗಳ. ಮಾನಸಿಕ ರೋಗಿಗಳ ಆರೈಕೆಗೆ ಹೆಸರಾಗಿದ್ದ ಗೀಲ್ ಎಂಬ ಊರಿಗೆ ಮಗನನ್ನು ಕಳಿಸಬೇಕು ಅಂತ 1880ರ ಹೊತ್ತಿಗೆ ಅಪ್ಪ ಯೋಚಿಸಿದ್ದರು. ಅದು ಆಗಲಿಲ್ಲ. ಅದೇ ವರ್ಷ, 27ರ ವಯಸ್ಸಲ್ಲಿ, ಆತ ಚಿತ್ರಕಾರನಾಗೋದು ಅಂತ ತೀರ್ಮಾನಿಸಿದ. ಮುಂದೆ ಬದುಕಿಗೆ ಆಸರೆಯಾಗಿದ್ದು ತಮ್ಮ ಥಿಯೋ ಕಳಿಸುತ್ತಿದ್ದ ದುಡ್ಡು.

1888ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಆರ್ಲ್ ಎಂಬ ಊರಿಗೆ ಬಂದು ಹಳದಿ ಬಣ್ಣದ ಮನೆಯೊಂದನ್ನು ಬಾಡಿಗೆಗೆ ಹಿಡಿದ. ಅಕ್ಟೋಬರ್‌ನಲ್ಲಿ ಚಿತ್ರಕಾರ ಗೋಗ್ಯಾನ್ ಬಂದು ಜೊತೆಗಿದ್ದ. ಇಬ್ಬರಿಗೂ ಹೊಂದಲಿಲ್ಲ. ಡಿಸೆಂಬರ್ 23ರ ರಾತ್ರಿ ವ್ಯಾನ್ ಗೋ ತನ್ನ ಕಿವಿಯನ್ನೇ ಕೊಯ್ದುಕೊಂಡ. ಇಲ್ಲದ್ದು ಕಾಣುವುದು, ಇಲ್ಲದ ಸದ್ದು ಕೇಳುವುದು, ಏನು ನಡೆಯಿತೆಂಬ ನೆನಪೇ ಇಲ್ಲದಿರುವುದು, ಇವೆಲ್ಲ ಆತನಿಗಿದ್ದವು. ಕಾಯಿಲೆ ನಿಜವಾಗಿಯೂ ಇತ್ತು. ಅದರಲ್ಲಿ ಚಂದ ಅನ್ನುವಂಥದ್ದು ಏನೂ ಇರಲಿಲ್ಲ.

ಆಮೇಲೆ ಹೆಸರಿಡುವ ಕೆಲಸ ಶುರುವಾಯಿತು. ಸುಮಾರು 30 ಮಂದಿ ನೆರೆಹೊರೆಯವರು ಸಹಿ ಹಾಕಿ ಮೇಯರ್‌ಗೆ ಅರ್ಜಿ ಕೊಟ್ಟರು: ಈತನ ತಲೆ ಸರಿಯಿಲ್ಲ, ಈತನಿಂದ ಅಪಾಯವಿದೆ, ಇಲ್ಲಿಂದ ಸಾಗಹಾಕಿ. 1889ರ ಫೆಬ್ರುವರಿ ಕೊನೆಗೆ ಪೊಲೀಸರು ಹಳದಿ ಮನೆಗೆ ಬೀಗ ಜಡಿದರು, ಆತನನ್ನು ಆಸ್ಪತ್ರೆಯಲ್ಲಿ ಕೂಡಿಹಾಕಿದರು. ಅಷ್ಟೊಂದು ಜನ ಒಬ್ಬ ಕಾಯಿಲೆಯ ಮನುಷ್ಯನ ಮೇಲೆ ಒಟ್ಟಾಗಿ ಬಿದ್ದದ್ದು ಆತನನ್ನು ತುಂಬಾ ನೋಯಿಸಿತು.

ಅದೇ ಊರಿನ ಯುವ ವೈದ್ಯ ಫೆಲಿಕ್ಸ್ ರೇ ಇಟ್ಟ ಹೆಸರು ಬೇರೆ: ಒಂದು ಬಗೆಯ ಅಪಸ್ಮಾರ, ಅಂದರೆ ಮೂರ್ಛೆ ರೋಗ. ಅದು ಸರಿಯೋ ತಪ್ಪೋ ಅನ್ನೋ ಚರ್ಚೆ ಇವತ್ತಿಗೂ ಇದೆ. ಆದರೆ ರೇ ಆತನನ್ನು ರೋಗಿಯಂತೆ ನೋಡಿದ, ಶುಶ್ರೂಷೆ ಮಾಡಿದ, ಸ್ನೇಹಿತನೂ ಆದ.

1889ರ ಮೇ 8ರಂದು ವ್ಯಾನ್ ಗೋ ತಾನೇ ಒಪ್ಪಿ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಗೆ ಸೇರಿದ. ನನಗೆ ಮುಖ್ಯ ಅನಿಸೋದು ಈ ಘಟ್ಟ. ಬೇರೆ ರೋಗಿಗಳಿಗೂ ತನ್ನ ಹಾಗೇ ಏನೇನೋ ಕೇಳಿಸುತ್ತೆ, ಕಾಣಿಸುತ್ತೆ ಅಂತ ಅಲ್ಲಿ ಗೊತ್ತಾಯಿತು. ಇದೂ ಎಲ್ಲ ಕಾಯಿಲೆಗಳಂತೆ ಒಂದು ಕಾಯಿಲೆ ಅಂದುಕೊಂಡ ಮೇಲೆ ಭಯ ಕಡಿಮೆಯಾಯಿತು ಅಂತ ತಮ್ಮನಿಗೆ ಬರೆದ. ರೀಲ್ಸ್ ನೋಡಿ ನಾನೊಬ್ಬನೇ ಅಲ್ಲ ಅಂತ ಉಸಿರು ಬಿಡುವ ಹುಡುಗ ಹುಡುಗಿಯರಿಗೆ ಸಿಗುವುದೂ ಈ ಸಮಾಧಾನವೇ. ಅದನ್ನ ಹಗುರವಾಗಿ ನೋಡಬಾರದು.

ಆದರೆ ರೀಲ್ಸ್ ಹೇಳದ ಇನ್ನೊಂದು ಸಂಗತಿ ಇದೆ. ತೀವ್ರವಾಗಿ ಕಾಯಿಲೆ ಬಿದ್ದಾಗ ಆತ ವಾರಗಟ್ಟಲೆ ಕೆಲಸ ಮಾಡಲಾಗದೆ ಕೂರಬೇಕಾಗುತ್ತಿತ್ತು. ಆ ನೀಲಿ ಆಕಾಶವೂ ಸೇರಿ ಅಲ್ಲಿ ಬಿಡಿಸಿದ ಸುಮಾರು 150 ಚಿತ್ರಗಳಲ್ಲಿ ಹೆಚ್ಚಿನವು ಕಾಯಿಲೆ ಬಿಟ್ಟುಕೊಟ್ಟ ದಿನಗಳ ದುಡಿಮೆ. 1890ರ ಮೇ ತಿಂಗಳಲ್ಲಿ ಪ್ಯಾರಿಸ್ ಬಳಿಯ ಓವೆರ್‌ಗೆ ಹೋದ. ಜುಲೈ 29ರಂದು, 37ನೇ ವಯಸ್ಸಿಗೆ, ತಾನೇ ಮಾಡಿಕೊಂಡ ಗಾಯದಿಂದ ತೀರಿಕೊಂಡ.

ಸತ್ತ ಮೇಲೂ ಹೆಸರುಗಳು ನಿಲ್ಲಲಿಲ್ಲ. 1922ರಲ್ಲಿ ಕಾರ್ಲ್ ಯಾಸ್ಪರ್ಸ್ ಸ್ಕಿಜೋಫ್ರೇನಿಯಾ ಇರಬಹುದು ಅಂದರು. 150ಕ್ಕೂ ಹೆಚ್ಚು ವೈದ್ಯರು ಬಗೆಬಗೆಯ ಊಹೆ ಮಾಡಿದ್ದಾರೆ. 2020ರಲ್ಲಿ ಡಚ್ ಮನೋವೈದ್ಯರು ಆತನ 900ಕ್ಕೂ ಹೆಚ್ಚು ಪತ್ರಗಳನ್ನು ಆಧಾರವಾಗಿಟ್ಟುಕೊಂಡೂ ಬೈಪೋಲಾರ್ ಇದ್ದಿರುವ ಸಾಧ್ಯತೆ ಇದೆ ಅಂದರೇ ಹೊರತು ಇತ್ತೇ ಇತ್ತು ಅನ್ನಲಿಲ್ಲ. ಆ ಎಚ್ಚರಿಕೆ 30 ಸೆಕೆಂಡಿನ ವಿಡಿಯೋಗೆ ಇರಲ್ಲ.

ಹಾಗಂತ ಮೊಬೈಲ್ ನೋಡಿ ಕಾಯಿಲೆ ಕಂಡುಕೊಳ್ಳುವ ಮಕ್ಕಳನ್ನು ಬೈದರೆ ಆಯಿತೇ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿಯುವವರ ಪ್ರಮಾಣ ಶೇ. 70ರಿಂದ 92. ಡಾಕ್ಟರೇ ಸಿಗದ ಕಡೆ ಜನ ರೀಲ್ಸ್ ನೋಡ್ತಾರೆ. ಇದು ಸರ್ಕಾರದ ಬಜೆಟ್ಟಿನ ಪ್ರಶ್ನೆ. ಎಲ್ಲವನ್ನೂ ಟ್ರಾಮಾ, ಟಾಕ್ಸಿಕ್, ಓಸಿಡಿ ಅಂತ ಕರೆದುಬಿಟ್ಟರೆ ಕೆಲಸ ಸಿಗದ ಸಂಕಟ, ಹಾಸ್ಟೆಲ್‌ನ ಜಾತಿ ಅವಮಾನ ಕೂಡ ಒಬ್ಬೊಬ್ಬರ ಮಿದುಳಿನ ದೋಷವಾಗಿಬಿಡುತ್ತೆ. ಆಗ ಸರ್ಕಾರಕ್ಕೂ ಸಮಾಜಕ್ಕೂ ನಿರಾಳ.

ಇನ್ನು ಆರ್ಲ್‌ನ ಆ ಅರ್ಜಿ ನಮ್ಮಲ್ಲಿಲ್ಲ ಅಂದುಕೊಳ್ಳಬೇಡಿ. ಎದುರಾಳಿಯನ್ನು ನಿಮ್ಹಾನ್ಸ್‌ಗೆ ಸೇರಿಸಿ ಅನ್ನೋದು ನಮ್ಮ ರಾಜಕಾರಣಿಗಳ ಹಳೇ ಬೈಗುಳ. ಪಕ್ಷ ಯಾವುದಾದರೂ ನಾವು ಅದಕ್ಕೆ ಲೈಕ್ ಒತ್ತುತ್ತೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾತ್ರ ಸ್ಪಷ್ಟವಾಗಿದೆ: ಒಬ್ಬರ ರಾಜಕೀಯ ನಿಲುವನ್ನೋ, ಸಮುದಾಯದ ರೀತಿ ರಿವಾಜಿಗೆ ಹೊಂದದ ನಡೆಯನ್ನೋ ಆಧರಿಸಿ ಅವರಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನಿಸುವಂತಿಲ್ಲ.

ಹಾಗಾಗಿ ಯಾವುದೇ ಹೆಸರು ಎದುರಾದಾಗ ನಾನು ಕೇಳಿಕೊಳ್ಳೋ ಪ್ರಶ್ನೆ ಒಂದೇ: ಇದನ್ನ ಹೇಳಿದ ಮೇಲೆ ಆ ಮನುಷ್ಯನಿಗೆ ನೆರವು ಸಿಗುತ್ತಾ, ಬಾಗಿಲು ಮುಚ್ಚುತ್ತಾ? ರೀಲ್ ನೋಡಿ ನಿಮಗೆ ನಿಮ್ಮ ಬಗ್ಗೆ ಅನುಮಾನ ಬಂದಿದ್ದರೆ ಅದನ್ನ ಬಯೋದಲ್ಲಿ ಹಾಕಿ ಸುಮ್ಮನಾಗಬೇಡಿ. ಟೆಲಿ ಮನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾಕಿಲ್ಲ ಅಂತ ಶಾಸಕರನ್ನೂ ಕೇಳಿ.